ಇಂಗ್ಲಿಷಿನಲ್ಲಿ ‘ಪುರುಸೊತ್ತಿಲ್ಲ’ ಎನ್ನುವುದು ಹೇಗೆ? ಅನುಭವವಿದ್ದವರು ತಿಳಿಸಿ

ಕೇಳಿದವರು, ಮ್ಯಾಂಚೆಸ್ಟರ್‌ನಿಂದ:

ನಾನು ದಾವಣಗೆರೆಯವಳು. ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗ್ ಮುಗಿಸಿ, ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಔಷಧಿಗಳ ಇಂಗ್ಲಿಷ್, ವರದಿ ಬರೆಯುವ ಇಂಗ್ಲಿಷ್ ತೊಡಕಾಗುತ್ತಿಲ್ಲ. ಸಮಯದ ಮಾತು ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ರೋಗಿ ಕರೆದಾಗ ‘ಈಗ ಪುರುಸೊತ್ತಿಲ್ಲ, ಆಮೇಲೆ ಬರುತ್ತೇನೆ’ ಎಂದು ಅವರಿಗೆ ನೋವಾಗದಂತೆ ಹೇಳುವುದು ಹೇಗೆ? ಇಲ್ಲಿಯವರು ಟೈಮ್ ಎಂಬ ಪದದ ಜೊತೆಗೆ ಹ್ಯಾವ್, ಟೇಕ್, ಮೇಕ್, ಫೈಂಡ್, ಸ್ಪೇರ್ ಎಂದು ಒಂದೊಂದು ಸಲ ಒಂದೊಂದು ಕ್ರಿಯಾಪದ ಹಚ್ಚುತ್ತಾರೆ. ಎಲ್ಲದರ ಅರ್ಥವೂ ಒಂದೆಯೇ?

ಬರ್ಮಿಂಗ್‌ಹ್ಯಾಮ್‌ನ ಹಿರಿಯ ನರ್ಸ್:

ತಂಗಿ, ಮೊದಲು ಒಂದು ವಾಕ್ಯವನ್ನು ದೂರವಿಡು: ‘ಐ ಹ್ಯಾವ್ ನೋ ಟೈಮ್ ಫಾರ್ ಯೂ’. ಕನ್ನಡದಲ್ಲಿ ಯೋಚಿಸಿದರೆ ಇದು ‘ನಿಮಗೆ ಕೊಡಲು ಈಗ ಸಮಯವಿಲ್ಲ’ ಎಂದಷ್ಟೇ ತೋರುತ್ತದೆ. ಕೇಳುವವರಿಗೆ ಮಾತ್ರ ‘ನಿಮ್ಮನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ’ ಎಂದು ಕೇಳಿಸುತ್ತದೆ. ‘ಟೈಮ್ ಫಾರ್’ ಆದ ಮೇಲೆ ವ್ಯಕ್ತಿಯ ಮಾತು ಬಂದರೆ ಅದು ಹಲವು ಸಲ ಗೌರವದ ವಿಷಯವಾಗಿಬಿಡುತ್ತದೆ. ಇಲ್ಲಿ ಒಬ್ಬರ ಬಗ್ಗೆ ‘ಐ ಹ್ಯಾವ್ ಎ ಲಾಟ್ ಆಫ್ ಟೈಮ್ ಫಾರ್ ಹರ್’ ಎಂದರೆ ಬಿಡುವಿನ ಸುದ್ದಿಯೇ ಅಲ್ಲ, ‘ಆಕೆಯ ಮೇಲೆ ನನಗೆ ಬಹಳ ಗೌರವ’ ಎಂದರ್ಥ.

ವಾರ್ಡಿನಲ್ಲಿ ‘ಟೈಮ್ ಇಲ್ಲ’ ಎಂಬ ಮಾತನ್ನೇ ಎತ್ತದಿರುವುದು ಒಳ್ಳೆಯದು. ಎಲ್ಲಿದ್ದೀಯ, ಯಾವಾಗ ಬರುತ್ತೀಯ ಎಂಬುದನ್ನು ಹೇಳು. ‘ಐ ಆಮ್ ಜಸ್ಟ್ ವಿತ್ ಸಮ್‌ವನ್ ಅಟ್ ದ ಮೊಮೆಂಟ್, ಐ ವಿಲ್ ಬಿ ವಿತ್ ಯೂ ಇನ್ ಟೆನ್ ಮಿನಿಟ್ಸ್’. ಹತ್ತು ನಿಮಿಷ ಎಂದ ಮೇಲೆ ಹತ್ತು ನಿಮಿಷಕ್ಕೆ ಹೋಗಬೇಕು. ಆಗದಿದ್ದರೆ ಬಾಗಿಲಲ್ಲಿ ನಿಂತಾದರೂ ಇನ್ನೂ ತಡವಾಗುತ್ತದೆ ಎಂದು ತಿಳಿಸಬೇಕು. ಮಂಚದ ಮೇಲೆ ಮಲಗಿ ಗಡಿಯಾರ ನೋಡುತ್ತಿರುವವರಿಗೆ ಆ ಹತ್ತು ನಿಮಿಷ ಬಹಳ ದೊಡ್ಡದು.

ಹಿರಿಯ ಸಿಸ್ಟರ್ ‘ವೆನ್ ಯೂ ಗೆಟ್ ಎ ಮಿನಿಟ್’ ಎಂದು ಕೆಲಸ ಹೇಳಿದರೆ, ಬಿಡುವಾದಾಗ ನೋಡಿಕೊಂಡರಾಯಿತು ಎಂದುಕೊಳ್ಳಬೇಡ. ಕೈಯಲ್ಲಿರುವುದು ಮುಗಿದ ಕೂಡಲೇ ಮಾಡು ಎಂದು ತಿಳಿ. ‘ಹ್ಯಾವ್ ಯೂ ಗಾಟ್ ಎ ಸೆಕೆಂಡ್?’ ಎಂದು ಕೇಳಿದರೆ ಈಗಲೇ ಬಾ ಎಂದು. ಅಲ್ಲಿ ನಡೆಯುವ ಮಾತು ಕಾಲು ಗಂಟೆಯದೂ ಆಗಬಹುದು.

ಇನ್ನು ‘ಟೇಕ್ ಯುವರ್ ಟೈಮ್’. ಊರುಗೋಲು ಹಿಡಿದು ಹೆಜ್ಜೆ ಇಡುವ ಅಜ್ಜನಿಗೆ ಇದನ್ನು ಹೇಳು, ಮುಖ ಅರಳುತ್ತದೆ. ನಮ್ಮ ಧಾರವಾಡದ ಕಡೆ ‘ಸಾವಕಾಶ’ ಎನ್ನುವಾಗ ಇರುವ ಅಕ್ಕರೆಯೇ ಇದರಲ್ಲಿಯೂ ಇದೆ. ಆದರೆ ಅದೇ ಮಾತು ಭೂತಕಾಲಕ್ಕೆ ತಿರುಗಿ ‘ಯೂ ಟುಕ್ ಯುವರ್ ಟೈಮ್’ ಎಂದು ಬಂದರೆ, ಇಷ್ಟು ತಡವೇ ಎಂಬ ಆಕ್ಷೇಪಣೆ. ಅದಕ್ಕೆ ಥ್ಯಾಂಕ್ಸ್ ಹೇಳುವಂತಿಲ್ಲ. ‘ಸಾರಿ ಟು ಕೀಪ್ ಯೂ ವೇಟಿಂಗ್’ ಎನ್ನಬೇಕು.

ಶಿವಮೊಗ್ಗದ ಪಿಯು ಉಪನ್ಯಾಸಕರು:

ಮೇಲಿನವರು ಬಳಕೆಯನ್ನು ಚೆನ್ನಾಗಿ ಹೇಳಿದ್ದಾರೆ. ಕ್ರಿಯಾಪದಗಳ ಬಗ್ಗೆ ನಾನು ತರಗತಿಯಲ್ಲಿ ಹೇಳುವುದನ್ನು ಇಲ್ಲಿ ಬರೆಯುತ್ತೇನೆ.

ಕನ್ನಡದಲ್ಲಿ ಸಮಯ ‘ನನಗೆ ಇದೆ’ ಅಥವಾ ‘ನನಗೆ ಇಲ್ಲ’. ಅದು ತಾನಾಗಿ ಇರುತ್ತದೆ, ಇಲ್ಲವಾಗುತ್ತದೆ. ಇಂಗ್ಲಿಷಿನಲ್ಲಿ ಆಡುವವನೇ ಸಮಯದ ಒಡೆಯ. ಒಡೆಯನಾದ್ದರಿಂದ ಅದನ್ನು ಏನು ಮಾಡಿದ ಎಂಬುದಕ್ಕೆ ಅವನೇ ಹೊಣೆ. ನಿಮಗೆ ಎದುರಾದ ಐದು ಕ್ರಿಯಾಪದಗಳು ಈ ಹೊಣೆಯ ಐದು ಬಗೆಗಳು. ಹ್ಯಾವ್ ಎಂದರೆ ಸಮಯ ಇದೆ ಎಂಬ ಸಂಗತಿ ಮಾತ್ರ. ಫೈಂಡ್ ಎಂದರೆ ಕೆಲಸಗಳ ನಡುವೆ ಹುಡುಕಿ ತೆಗೆದದ್ದು. ಮೇಕ್ ಎಂದರೆ ಬೇರೆ ಏನನ್ನೋ ಬದಿಗಿಟ್ಟು ಮಾಡಿಕೊಂಡದ್ದು, ಆದ್ದರಿಂದ ‘ಐ ವಿಲ್ ಮೇಕ್ ಟೈಮ್’ ಎಂದವರು ನಿಮಗೆ ಮಾತು ಕೊಟ್ಟಂತೆ. ಸ್ಪೇರ್ ಬಳಸಿ ಕೇಳಿದರೆ ಉಪಕಾರ ಬೇಡಿದಂತೆ. ‘ಟೇಕ್ ದ ಟೈಮ್ ಟು’ ನನಗೆ ಬಹಳ ಇಷ್ಟ. ನಮ್ಮಲ್ಲಿ ‘ಕೂತು ಕೇಳುವ ವ್ಯವಧಾನ ಅವರಿಗಿದೆ’ ಎನ್ನುತ್ತೇವಲ್ಲ, ಆ ತಾಳ್ಮೆ ಮತ್ತು ಕಾಳಜಿ ಇದರೊಳಗಿದೆ.

ಹಣಕ್ಕೆ ಬಳಸುವ ಸ್ಪೆಂಡ್, ಸೇವ್, ವೇಸ್ಟ್ ಎಂಬ ಪದಗಳನ್ನೇ ಅವರು ಸಮಯಕ್ಕೂ ಬಳಸುತ್ತಾರೆ. 1748ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಿರಿಯ ವ್ಯಾಪಾರಿಗೆ ಬರೆದ ಸಲಹೆಯಲ್ಲಿ, ಸಮಯವೆಂದರೆ ಹಣ ಎಂಬುದನ್ನು ನೆನಪಿಡು ಎಂದಿದ್ದರು. ಸ್ಪೆಂಡ್ ಬಳಸುವಾಗ ಒಂದು ಎಚ್ಚರ: ‘ಐ ಸ್ಪೆಂಟ್ ಟೂ ಅವರ್ಸ್ ರೈಟಿಂಗ್’ ಸರಿ, ‘ಟು ರೈಟ್’ ಅಲ್ಲ. ಹ್ಯಾವ್ ಬಂದಾಗ ಇದು ತಿರುವುಮುರುವು, ‘ಐ ಹ್ಯಾವ್ ಟೈಮ್ ಟು ರೈಟ್’.

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಎರಡು ಕಡೆ. ‘ಐ ಆಮ್ ಹ್ಯಾವಿಂಗ್ ಟೈಮ್’ ಎಂದು ಬರೆಯುತ್ತಾರೆ. ಒಡೆತನ ಸೂಚಿಸುವ ಹ್ಯಾವ್ ಈ ರೂಪಕ್ಕೆ ಹೊಂದುವುದಿಲ್ಲ. ಇನ್ನೊಂದು ‘ಇಟ್ ಟುಕ್ ಮಿ ಟೂ ಅವರ್ಸ್ ಟು ಫಿನಿಶ್’ ಎಂಬ ರಚನೆ. ಮೊದಲಿಗೆ ಏನನ್ನೂ ಸೂಚಿಸದ ಇಟ್, ಆಮೇಲೆ ವ್ಯಕ್ತಿ, ಆಮೇಲೆ ಅವಧಿ, ಕೊನೆಗೆ ಕೆಲಸ. ‘ನನಗೆ ಎರಡು ಗಂಟೆ ಹಿಡಿಯಿತು’ ಎನ್ನುವ ನಮಗೆ ಇದು ಕಷ್ಟವಾಗಬಾರದು, ಹಿಡಿಯುವುದು ಅಲ್ಲಿಯೂ ಕೆಲಸವೇ. ‘ಐ ಟುಕ್ ಟೂ ಅವರ್ಸ್’ ಎಂದರೂ ತಪ್ಪಿಲ್ಲ, ಆದರೆ ಹೊತ್ತು ಹಿಡಿಸಿದವಳು ನಾನೇ ಎಂಬ ಧ್ವನಿ ತುಸು ಮುಂದೆ ಬರುತ್ತದೆ. ವರದಿಯಲ್ಲಿ ಇಟ್ ಇರಲಿ.

ಅಪರಿಚಿತರು ‘ಡು ಯೂ ಹ್ಯಾವ್ ದ ಟೈಮ್?’ ಎಂದರೆ ಸಾಮಾನ್ಯವಾಗಿ ಗಂಟೆ ಎಷ್ಟು ಎಂದು ಕೇಳುತ್ತಿದ್ದಾರೆ. ‘ದ’ ಇಲ್ಲದಿದ್ದರೆ ಬಿಡುವಿದೆಯೇ ಎಂದು.

ಬೆಂಗಳೂರಿನಿಂದ, ಸಾಫ್ಟ್‌ವೇರ್ ಕೆಲಸದವರು:

ನಮ್ಮ ತಂಡದ ಅರ್ಧ ಭಾಗ ಅಮೆರಿಕದಲ್ಲಿದೆ. ಅಲ್ಲಿಯವರ ಬಾಯಲ್ಲಿ ಸದಾ ಇರುವ, ನಮಗೆ ಶಾಲೆಯಲ್ಲಿ ಯಾರೂ ಕಲಿಸದ ಮಾತೆಂದರೆ ‘ಐ ಹ್ಯಾವಂಟ್ ಗಾಟನ್ ಅರೌಂಡ್ ಟು ಇಟ್’. ಮಾಡಬೇಕೆಂದಿದೆ, ಮರೆತಿಲ್ಲ, ಇನ್ನೂ ಅದಕ್ಕೆ ಕೈ ಹಾಕಲು ಆಗಿಲ್ಲ ಎಂದು. ಬ್ರಿಟನ್ನಿನವರು ‘ಗಾಟ್ ರೌಂಡ್ ಟು’ ಎನ್ನುತ್ತಾರೆ. ‘ಟೈಮ್ ಸಿಗಲಿಲ್ಲ’ ಎಂದು ಹತ್ತು ಸಲ ಹೇಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇದರ ಹಿಂದೆಯೇ ‘ಗುರುವಾರ ಮುಗಿಸುತ್ತೇನೆ’ ಎಂಬಂಥದ್ದೊಂದು ಬರಲೇಬೇಕು, ಇಲ್ಲದಿದ್ದರೆ ನಂಬಿಕೆ ಸವೆಯುತ್ತದೆ.

ಸಭೆಯಲ್ಲಿ ‘ಐ ಹ್ಯಾವ್ ಎ ಹಾರ್ಡ್ ಸ್ಟಾಪ್ ಅಟ್ ಫೋರ್’ ಎಂದು ಕೇಳಿದರೆ ಗಾಬರಿ ಬೇಡ. ನಾಲ್ಕಕ್ಕೆ ಎದ್ದು ಹೋಗಲೇಬೇಕು ಎಂದಷ್ಟೇ. ‘ಬ್ಯಾಂಡ್‌ವಿಡ್ತ್ ಇಲ್ಲ’ ಎನ್ನುವವರೂ ಇದ್ದಾರೆ, ಇನ್ನೊಂದು ಕೆಲಸ ಹಿಡಿಯಲು ಬಿಡುವಿಲ್ಲ ಎಂಬ ಅರ್ಥದಲ್ಲಿ. ಕಚೇರಿಯ ಹೊರಗೆ ಅದನ್ನು ಬಳಸಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಮನುಷ್ಯರ ಎದುರು ನಿಂತು ಆಡುವ ಮಾತಲ್ಲ ಅದು.

ಡಲ್ಲಾಸ್‌ನಿಂದ, ಗೃಹಿಣಿ:

ಪತ್ರಗಳ ಬಗ್ಗೆ ಮಾತ್ರ ಹೇಳುತ್ತೇನೆ. ಮಕ್ಕಳ ಶಾಲೆಯವರನ್ನು ಭೇಟಿಯಾಗಿ ಬಂದ ಮೇಲೆ ‘ಥ್ಯಾಂಕ್ ಯೂ ಫಾರ್ ಟೇಕಿಂಗ್ ದ ಟೈಮ್’ ಎಂದು ಒಂದು ಸಾಲು ಕಳುಹಿಸಿದರೆ ಮುಂದಿನ ಸಲ ಮಾತು ಸಲೀಸು. ಇನ್ನೊಂದು, ‘ಅಟ್ ಯುವರ್ ಕನ್ವೀನಿಯನ್ಸ್’ ಎಂದಿದ್ದರೆ ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ನಡುವೆ ‘ಅರ್ಲಿಯೆಸ್ಟ್’ ಸೇರಿದ್ದರೆ ಬೇಗ ಉತ್ತರಿಸಿ ಎಂಬ ಒತ್ತಾಯ. ಕೆಲಸದ ಅರ್ಜಿ, ಬಾಡಿಗೆ ಮನೆಯ ಪತ್ರ ಎಲ್ಲದರಲ್ಲೂ ಇದು ಬರುತ್ತದೆ.

ಕೇಳಿದವರು:

ಎಲ್ಲರಿಗೂ ನಮಸ್ಕಾರ. ‘ಟೈಮ್ ಫಾರ್’ ಬಗ್ಗೆ ಅಕ್ಕ ಹೇಳಿದ್ದು ಕಣ್ಣು ತೆರೆಸಿತು. ಹಾಗಾದರೆ ರೋಗಿಯೇ ‘ಹ್ಯಾವ್ ಯೂ ಗಾಟ್ ಟೈಮ್ ಫಾರ್ ಎ ಚಾಟ್?’ ಎಂದು ಕೇಳಿದರೆ? ವಯಸ್ಸಾದವರು ಬಹಳ ಜನ ಹೀಗೆ ಕೇಳುತ್ತಾರೆ. ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ, ಇರುವ ಕೆಲಸ ಬಿಡುವಂತೆಯೂ ಇಲ್ಲ.

ಬರ್ಮಿಂಗ್‌ಹ್ಯಾಮ್‌ನ ಹಿರಿಯ ನರ್ಸ್:

ಅಲ್ಲಿ ಫಾರ್ ಆದ ಮೇಲೆ ಬಂದದ್ದು ಚಾಟ್, ವ್ಯಕ್ತಿಯಲ್ಲ. ಹಾಗಾಗಿ ಮಾತಿನಲ್ಲಿ ಮುಳ್ಳಿಲ್ಲ. ಕೆಲಸವಿದ್ದರೆ ‘ನಾಟ್ ರೈಟ್ ನೌ, ಬಟ್ ಐ ವಿಲ್ ಕಮ್ ಬ್ಯಾಕ್ ಆಫ್ಟರ್ ದ ಡ್ರಗ್ ರೌಂಡ್’, ಅಂದರೆ ರೋಗಿಗಳಿಗೆ ಔಷಧಿ ಕೊಡುವ ಸುತ್ತು ಮುಗಿಸಿ ಬರುತ್ತೇನೆ, ಎನ್ನು. ‘ನಾಟ್ ರೈಟ್ ನೌ’ ಒಂದನ್ನೇ ಹೇಳಿ ನಡೆದುಬಿಡಬೇಡ, ಅದು ನಿರಾಕರಣೆಯಂತೆ ಕೇಳುತ್ತದೆ. ಬಿಡುವಿದ್ದರೆ ‘ಐ ಹ್ಯಾವ್ ಗಾಟ್ ಫೈವ್ ಮಿನಿಟ್ಸ್’ ಎಂದು ಮೊದಲೇ ಹೇಳಿ, ಕುರ್ಚಿ ಎಳೆದುಕೊಂಡು ಕುಳಿತುಕೊ. ನಿಂತು ಕೇಳಿದ ಐದು ನಿಮಿಷವನ್ನು ಅವರು ಆತುರ ಎಂದೇ ಎಣಿಸುತ್ತಾರೆ. ಏಳುವ ಹೊತ್ತಿಗೆ ಗಡಿಯಾರ ನೋಡಬೇಡ, ‘ಐ ವಿಲ್ ಹ್ಯಾವ್ ಟು ಗೆಟ್ ಆನ್ ನೌ’ ಎಂದರೆ ಸಾಕು. ಇಲ್ಲಿಯವರಿಗೆ ಅದು ಅರ್ಥವಾಗುತ್ತದೆ, ಬೇಸರಿಸುವುದಿಲ್ಲ.