ಕರಗಿಸು, ಬಿಚ್ಚು, ಅರಗಿಸು: ಇವೆಲ್ಲ ‘ಮರುಬಳಕೆ’ಯೇ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ವಿರಾಜಪೇಟೆ ಹತ್ತಿರ. ಊರಿನ ಶಾಲೆಯ ಗೋಡೆಗೆ ಅಂಟಿಸಲು ನೀರಿನ ಬಾಟಲಿಗಳ ಬಗ್ಗೆ ಒಂದು ಹಾಳೆ ಬರೆಯಲು ಕೂತವನು ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ: ‘ಬಾಟಲಿ ಮರುಬಳಕೆಗೆ ಎಷ್ಟು ಶಕ್ತಿ ಬೇಕು?’ ಯಾವ ಮರುಬಳಕೆ?

ನಮ್ಮ ಮನೆಯಲ್ಲಿ ಜೇನು, ಕಾಚಂಪುಳಿ (ನಮ್ಮ ಕಡೆಯ ಹುಳಿರಸ) ಎರಡೂ ಇರುವುದು ಹಳೇ ಬಾಟಲಿಗಳಲ್ಲೇ. ಅದು ಮರುಬಳಕೆ, ಸರಿ. ಮಡಿಕೇರಿಗೆ ಬಂದವರು ಎಸೆದುಹೋದ ಬಾಟಲಿ ಗುಜರಿ ಅಂಗಡಿ ಸೇರಿ, ಲಾರಿ ಹತ್ತಿ, ಚೂರಾಗಿ, ಕೊನೆಗೆ ಪಾಲಿಯೆಸ್ಟರ್ ನೂಲಾದರೂ ಪತ್ರಿಕೆಯವರಿಗೆ ಮರುಬಳಕೆಯೇ. ಮೊದಲನೆಯದಕ್ಕೆ ಒಂದು ಚೊಂಬು ನೀರು ಸಾಕು, ಎರಡನೆಯದಕ್ಕೆ ಕಾರ್ಖಾನೆಯೇ ಬೇಕು. ‘ಪುನರ್ಚಕ್ರೀಕರಣ’ ಎಂದೂ ಕೆಲವರು ಬರೆಯುತ್ತಾರೆ. ಸಂಧಿಯ ಪ್ರಕಾರ ಅದು ‘ಪುನಶ್ಚಕ್ರೀಕರಣ’ ಆಗಬೇಕಲ್ಲವೆ? ಎರಡೂ ಐದನೇ ಕ್ಲಾಸಿನ ಮಕ್ಕಳ ನಾಲಿಗೆಗೆ ಹೊರಳುವುದಿಲ್ಲ ಬಿಡಿ.

ನನ್ನನ್ನು ಹೆಚ್ಚು ಕಾಡಿದ್ದು ‘ಕರಗಿಸು’. ಬೆಣ್ಣೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಬಾಟಲಿಯ ವಿಷಯದಲ್ಲಿ ಆ ಸಡಿಲ ನಡೆಯದು. ಸಾಮಾನ್ಯ ವಿಧಾನದಲ್ಲಿ ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಚೂರನ್ನು ಸುಮಾರು 260 ಡಿಗ್ರಿಯಲ್ಲಿ ಬೆಣ್ಣೆಯಂತೆ ಕರಗಿಸುತ್ತಾರೆ, ಪ್ಲಾಸ್ಟಿಕ್ಕಿನ ಅಣುಗಳ ಉದ್ದ ಸರಪಳಿ ಹಾಗೇ ಉಳಿಯುತ್ತದೆ. ಕರಗಿಸುವ ಮುಂಚೆ ಚೂರು ಬೇರ್ಪಡಿಸುವುದನ್ನು ಕಾಫಿ ಬೆಳೆಯುವವರಿಗೆ ವಿವರಿಸುವುದು ಸುಲಭ. ಹಣ್ಣನ್ನು ನೀರಿಗೆ ಹಾಕಿದರೆ ಜೊಳ್ಳು ತೇಲುವ ಹಾಗೆ, ಇಲ್ಲಿ ಮುಚ್ಚಳದ ಚೂರು ತೇಲಿ ಬಾಟಲಿಯ ಚೂರು ಮುಳುಗುತ್ತದೆ. ಆಮೇಲೆ ಒಣಗಿಸಬೇಕು, ಅದೂ ಕಣದ ಬಿಸಿಲಲ್ಲಲ್ಲ, 160 ಡಿಗ್ರಿಯ ಆಸುಪಾಸಿನ ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ. ತೇವ ಉಳಿದರೆ ಕರಗಿಸುವಾಗ ಸರಪಳಿ ತುಂಡಾಗುತ್ತದೆ. ಲೆಕ್ಕ ಹಾಕಿ ನೋಡಿದೆ: ಒಂದು ಕೆಜಿ ಕರಗಿಸಲು ಬೇಕಾದ ಶಾಖ ಅರ್ಧ ಮೆಗಾಜೂಲ್ ಕೂಡ ಇಲ್ಲ, ಅಂದರೆ ಹೆಚ್ಚುಕಡಿಮೆ 0.1 ಯೂನಿಟ್ ಕರೆಂಟು. ಬಿಸಿನೀರಲ್ಲಿ ತೊಳೆಯುವುದು, ಒಣಗಿಸುವುದು, ಯಂತ್ರ ತಿರುಗಿಸುವುದು ಇದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತವೆ.

ಇನ್ನೊಂದು ವಿಧಾನದಲ್ಲಿ ಗ್ಲೈಕಾಲ್ ಎಂಬ ರಾಸಾಯನಿಕ ದ್ರವ ಬೆರೆಸಿ, ಸುಮಾರು 200 ಡಿಗ್ರಿಯಲ್ಲಿ ಸರಪಳಿಯನ್ನೇ ಬಿಚ್ಚಿ, ಶುದ್ಧ ಮಾಡಿ, ಮತ್ತೆ ಕಟ್ಟುತ್ತಾರೆ. ಇದಕ್ಕೆ ‘ಬಿಚ್ಚಿ ಪೋಣಿಸುವುದು’ ಎನ್ನೋಣವೆ? ಮಣಿಸರ ಕಂಡ ಯಾರಿಗೂ ಅರ್ಥವಾದೀತು. ಎರಡು ಸಲದ ಕೆಲಸ, ಹಾಗಾಗಿ ಶಕ್ತಿಯೂ ಕರಗಿಸುವುದಕ್ಕಿಂತ ಹೆಚ್ಚು ಬೇಕೆಂಬುದು ಪದದಲ್ಲೇ ಹೊಳೆಯುತ್ತದೆ.

ಮೂರನೆಯದು ಕಿಣ್ವ (ಎನ್‌ಜೈಮ್), ಹೊಟ್ಟೆಯಲ್ಲಿ ಅನ್ನ ಅರಗಿಸುವಂಥ ವಸ್ತು. 2020ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರಕಟಿಸಿದ ಕಿಣ್ವವೊಂದು 72 ಡಿಗ್ರಿಯಲ್ಲಿ, 10 ಗಂಟೆಯಲ್ಲಿ ಪೆಟ್‌ನ ಶೇ. 90ರಷ್ಟನ್ನು ಬಿಡಿಬಿಡಿ ಮಾಡಿತು. ಇದಕ್ಕೆ ‘ಅರಗಿಸು’ ಹೊಂದುತ್ತದೆ ಎಂದು ನನಗನಿಸುತ್ತದೆ. ಆದರೆ ಬಿಸಿ ಕಡಿಮೆ ಎಂದು ಖರ್ಚೂ ಕಡಿಮೆ ಅಂದುಕೊಳ್ಳುವ ಹಾಗಿಲ್ಲ. ಗಟ್ಟಿ ಬಾಟಲಿ ಕಿಣ್ವಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಮೊದಲು ಕರಗಿಸಿ, ಥಟ್ಟನೆ ತಣಿಸಿ, ಪುಡಿ ಮಾಡಿಯೇ ಬಡಿಸಬೇಕು.

ಇನ್ನು ‘ಶಕ್ತಿ ವೆಚ್ಚ’. ನಾನು ಬರೆದದ್ದನ್ನು ಮನೆಯಲ್ಲಿ ಓದಿದವರು “ಎಷ್ಟು ರೂಪಾಯಿ?” ಎಂದೇ ಕೇಳಿದರು. ‘ಇಂಧನ ವೆಚ್ಚ’ ಎಂದರಂತೂ ಡೀಸೆಲ್ ಬಿಲ್ಲು. ‘ತಗಲುವ ಶಕ್ತಿ’ ಎಂದು ತಿದ್ದಿದೆ. ಅಲ್ಲೂ ಒಂದು ತೊಡಕು. ಹೊಸ ಪೆಟ್‌ಗೆ ಕೆಜಿಗೆ 70ರಿಂದ 80 ಮೆಗಾಜೂಲ್ ಎಂದು ಸಾಮಾನ್ಯವಾಗಿ ಲೆಕ್ಕ ಕೊಡುತ್ತಾರೆ. ಅದರಲ್ಲಿ ದೊಡ್ಡ ಪಾಲು ಉರಿದುಹೋದದ್ದಲ್ಲ, ಬಾಟಲಿಯಾಗಿ ಕೂತ ಕಚ್ಚಾ ತೈಲದ್ದು. ಸುಟ್ಟರೆ ಸುಮಾರು 23 ಮೆಗಾಜೂಲ್ ಶಾಖವಾಗಿ ವಾಪಸು ಬರುತ್ತದೆ. ಹೀಗೆ ಒಳಗೇ ಕೂತ ಶಕ್ತಿಗೆ ‘ತಗಲಿದ’ ಎನ್ನಬಹುದೆ, ‘ಅಡಗಿದ’ ಎನ್ನಬೇಕೆ? ಧಾರವಾಡ, ಮಂಗಳೂರು ಕಡೆಯವರು ಬೇರೆ ಮಾತು ಬಳಸುವುದಿದ್ದರೆ ತಿಳಿಸಿ. ಹಾಳೆ ಬರುವ ಸೋಮವಾರ ಗೋಡೆಗೇರಬೇಕು.