ಅಪ್‌ಡೇಟ್: ಬಾಕಿ ಸಂಬಳಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟು

ಕೆಲಸದಿಂದ ತೆಗೆದ ಮಾಲೀಕರು ಕೊನೆಯ ಸಂಬಳ ಕೊಡದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಏನು ಮಾಡಬೇಕೆಂದು ಕೇಳಿದ್ದೆ. ಸಣ್ಣ ಮೊತ್ತದ ದಾವೆಗಳನ್ನು ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ದಾವೆ ಹೂಡುವ ಎಸ್‌ಸಿ-100 ಫಾರ್ಮ್ ಸಲ್ಲಿಸಿ ಆಯಿತು. ವ್ಯಕ್ತಿಯೊಬ್ಬರು ಕೇಳಬಹುದಾದ ಗರಿಷ್ಠ ಮೊತ್ತ 12,500 ಡಾಲರ್. ಬಾಕಿಯಷ್ಟನ್ನೇ ಕೇಳಿ ಸುಮ್ಮನಾಗಬೇಡಿ: ಬೇಕೆಂದೇ ತಡಮಾಡಿದ್ದರೆ ತಡವಾದ ಪ್ರತಿ ದಿನಕ್ಕೂ ಒಂದು ದಿನದ ಸಂಬಳ, ಗರಿಷ್ಠ 30 ದಿನದವರೆಗೆ, ದಂಡವಾಗಿ ಕೇಳಬಹುದು.

ಎಡವಟ್ಟಾಗುವುದು ಫಾರ್ಮಿನಲ್ಲಿ ಬರೆಯುವ ಮಾಲೀಕರ ಹೆಸರಿನಲ್ಲಿ. ಅಂಗಡಿ ಬೋರ್ಡಿನ ಹೆಸರಷ್ಟೇ ಬರೆದರೆ ಗೆದ್ದರೂ ವಸೂಲಿ ಕಷ್ಟ. ಕಂಪನಿಗಳನ್ನು ನೋಂದಾಯಿಸುವ ರಾಜ್ಯದ ಕಚೇರಿಯಾದ ಸೆಕ್ರೆಟರಿ ಆಫ್ ಸ್ಟೇಟ್ ದಾಖಲೆಯಲ್ಲಿರುವ ನೋಂದಾಯಿತ ಹೆಸರೇ ಬೇಕು. ಕಂಪನಿ ಪರವಾಗಿ ನೋಟಿಸ್ ಪಡೆಯುವ ಏಜೆಂಟರ ವಿಳಾಸವೂ ಅಲ್ಲೇ ಸಿಗುತ್ತದೆ. ನೋಟಿಸನ್ನು ನಾವೇ ಕೊಡುವಂತಿಲ್ಲ. ಕೇಸಿಗೆ ಸಂಬಂಧವಿಲ್ಲದ, 18 ತುಂಬಿದ ಯಾರಾದರೂ ಕೈಗೆ ಕೊಡಬಹುದು. ನೋಟಿಸ್ ಪಡೆಯುವವರು ಕೋರ್ಟಿರುವ ಕೌಂಟಿಯಲ್ಲೇ (ಜಿಲ್ಲೆಯಂಥ ಪ್ರದೇಶ) ಇದ್ದರೆ ವಿಚಾರಣೆಗೆ ಕನಿಷ್ಠ 15 ದಿನ ಮೊದಲು ಕೊಡಬೇಕು.

ದಾವೆ ಹೂಡಿದವರು ಸೋತರೆ ಮೇಲ್ಮನವಿಗೆ ಅವಕಾಶವಿಲ್ಲ. ಹಾಗಾಗಿ ಪೇ ಸ್ಟಬ್ (ಸಂಬಳದ ಚೀಟಿ), ಹಾಜರಿ, ಮೆಸೇಜುಗಳ ಪ್ರಿಂಟ್ ಎಲ್ಲ ಮೂರು ಪ್ರತಿ ಮಾಡಿಟ್ಟಿದ್ದೇನೆ.