ಡಿಎಕ್ಸ್7 ಕೊಳ್ಳಲೋ, ಜೂನೊ-106 ಕೊಳ್ಳಲೋ? ಹಳೆಯ ಸಿಂಥಸೈಜರ್ ಇಟ್ಟುಕೊಂಡವರ ಅನುಭವಗಳು

ಪ್ರಶ್ನೆ, ಹುಬ್ಬಳ್ಳಿಯ ವಿದ್ಯಾನಗರದಿಂದ

ನಮಸ್ಕಾರ. ಮದುವೆ ಮತ್ತು ಗಣೇಶೋತ್ಸವದ ವೇದಿಕೆಗಳಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾ ತಂಡವೊಂದು ಕೆಲಸ ನಿಲ್ಲಿಸಿದ್ದು, ಅದರ ಎರಡು ಹಳೆಯ ಸಿಂಥಸೈಜರುಗಳು (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡುಗಳು), ಯಮಹಾ ಡಿಎಕ್ಸ್7 ಮತ್ತು ರೋಲ್ಯಾಂಡ್ ಜೂನೊ-106, ಮಾರಾಟಕ್ಕಿವೆ. ನನ್ನಲ್ಲಿರುವ ಹಣಕ್ಕೆ ಒಂದು ಮಾತ್ರ ಬರುತ್ತದೆ. ಯಾವುದನ್ನು ಆರಿಸಬೇಕು, ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು, ನಮ್ಮ ಹಿಂದೂಸ್ತಾನಿ ಸಂಗೀತಕ್ಕೆ ಇವು ಒಗ್ಗುತ್ತವೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ, ಧಾರವಾಡದ ಸಪ್ತಾಪುರದಿಂದ

ಈ ಎರಡೂ ಯಂತ್ರಗಳು ಹಲವು ವರ್ಷ ನನ್ನ ಮೇಜಿನ ಮೇಲಿದ್ದವು. ಆ ಅನುಭವದಿಂದ ಹೇಳುವುದಾದರೆ, ಹಳೆಯ ಸಿಂಥಸೈಜರನ್ನು ಹೆಸರು ನೋಡಿ ಕೊಳ್ಳಬಾರದು. ಅದು ಕೆಟ್ಟಾಗ ಹುಬ್ಬಳ್ಳಿ-ಧಾರವಾಡದಲ್ಲೇ ಸರಿಪಡಿಸಲು ಆಗುತ್ತದೆಯೇ ಎಂಬುದನ್ನು ನೋಡಿ ಕೊಳ್ಳಬೇಕು.

1983ರಲ್ಲಿ ಬಂದ ಡಿಎಕ್ಸ್7 ಡಿಜಿಟಲ್ ಯಂತ್ರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಅವರು ಕಂಡುಕೊಂಡ ಎಫ್‌ಎಂ ವಿಧಾನ ಅದರದು: ಒಂದು ತರಂಗವು ಇನ್ನೊಂದರ ಆವರ್ತನವನ್ನು ಅತಿ ವೇಗವಾಗಿ ಏರಿಳಿಸುವುದರಿಂದ ಹೊಸ ನಾದ ಹುಟ್ಟುತ್ತದೆ. ಅದರಲ್ಲಿ ಕೆಡುವವು ಬಹುತೇಕ ಸಣ್ಣ ಭಾಗಗಳೇ. ಧ್ವನಿಗಳ ನೆನಪನ್ನು ಕಾಯುವ 3 ವೋಲ್ಟಿನ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ಸತ್ತರೆ ಒಳಗಿನ 32 ಧ್ವನಿಗಳೂ ಅಳಿದು, ಕಿರುಚುವ ಅರ್ಥವಿಲ್ಲದ ಸದ್ದು ಬರುತ್ತದೆ. ಅದನ್ನು ಕೇಳಿ ಯಂತ್ರವೇ ಹೋಯಿತೆಂದು ಕಡಿಮೆ ಬೆಲೆಗೆ ಮಾರಿದವರನ್ನು ನಾನು ಕಂಡಿದ್ದೇನೆ. ಹಳೆಯ ಬ್ಯಾಟರಿಯನ್ನು ತೆಗೆಸಿ, ಆ ಜಾಗದಲ್ಲಿ ಒಂದು ಹೋಲ್ಡರ್ ಬೆಸೆಸಿ, ಗಡಿಯಾರದ ಅಂಗಡಿಯಲ್ಲಿ ಸಿಗುವ ಸಿಆರ್2032 ಬ್ಯಾಟರಿ ಹಾಕಿ, ಕಂಪ್ಯೂಟರಿನಿಂದ ಮಿಡಿ ಕೇಬಲ್ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ತಂತಿ) ಮೂಲಕ ಧ್ವನಿಗಳನ್ನು ಮತ್ತೆ ತುಂಬಿದರೆ ಯಂತ್ರ ಮೊದಲಿನಂತಾಗುತ್ತದೆ. ಒಳ್ಳೆಯ ಟಿವಿ ಮೆಕ್ಯಾನಿಕ್ ಯಾರಾದರೂ ಒಂದು ಗಂಟೆಯಲ್ಲಿ ಈ ಕೆಲಸ ಮುಗಿಸಬಲ್ಲರು.

1984ರ ಜೂನೊ-106ರ ಕಥೆ ಬೇರೆ. ಅದು ಒಮ್ಮೆಗೆ ಆರು ಸ್ವರ ನುಡಿಸುತ್ತದೆ. ಒಂದೊಂದು ಸ್ವರದ ಫಿಲ್ಟರು (ನಾದದ ಮೇಲಿನ ಅಂಶಗಳನ್ನು ತಡೆಯುವ ಭಾಗ) ಮತ್ತು ಆಂಪ್ಲಿಫಯರು 80017ಎ ಎಂಬ ಒಂದೊಂದು ಪುಟ್ಟ ಮಾಡ್ಯೂಲಿನಲ್ಲಿವೆ. ರಕ್ಷಣೆಗೆಂದು ಆ ಮಾಡ್ಯೂಲುಗಳಿಗೆ ಬಳಿದ ಎಪಾಕ್ಸಿ ಲೇಪವೇ ಕಾಲಕ್ರಮೇಣ ಅವುಗಳನ್ನು ಕೆಡಿಸುತ್ತದೆ. ಕೀ ಒತ್ತಿದಾಗ ಚಟಪಟ ಸದ್ದು ಬರುವುದು, ಒಂದು ಸ್ವರ ಮೌನವಾಗುವುದು, ಅಥವಾ ಕೈ ತೆಗೆದ ಮೇಲೂ ನಾದ ಉಳಿಯುವುದು ಅದರ ಲಕ್ಷಣ. ಮಾಡ್ಯೂಲನ್ನು ಬಿಚ್ಚಿ ಅಸಿಟೋನಿನಲ್ಲಿ ನೆನೆಹಾಕಿ ಲೇಪವನ್ನು ಸುಲಿದರೆ ಅನೇಕ ಬಾರಿ ಜೀವ ಮರಳುತ್ತದೆ, ಇಲ್ಲವಾದರೆ ಹೊಸದಾಗಿ ತಯಾರಿಸಿದ ಬದಲಿ ಮಾಡ್ಯೂಲುಗಳನ್ನು ವಿದೇಶದಿಂದ ತರಿಸಬೇಕು. ಕೆಲಸ ಬಲ್ಲವರಲ್ಲದವರು ಅದನ್ನು ಕೀಳಲು ಹೋದರೆ ಬೋರ್ಡಿನ ತಾಮ್ರದ ಗೆರೆಗಳೇ ಎದ್ದು ಬರುತ್ತವೆ. ಒಂದು ಮಾಡ್ಯೂಲ್ ಹೋಗಿದ್ದರೆ ಉಳಿದವೂ ಸರದಿಯಲ್ಲಿವೆ ಎಂದೇ ತಿಳಿದು ಬೆಲೆ ಮಾತನಾಡಿರಿ.

ಪರೀಕ್ಷೆ ಸುಲಭವಾಗಿದೆ. ಜೂನೊದ ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ಹಿಡಿದು ಪವರ್ ಆನ್ ಮಾಡಿದರೆ, ನೀವು ನುಡಿಸಿದ ಸ್ವರ ಆರರಲ್ಲಿ ಎಷ್ಟನೆಯ ವಾಯ್ಸಿನಿಂದ ಬರುತ್ತಿದೆ ಎಂಬುದನ್ನು ಡಿಸ್‌ಪ್ಲೇ ತೋರಿಸುತ್ತದೆ. ಮೊದಲ ಐದು ನಿಮಿಷ ಸರಿಯಾಗಿದ್ದು ಬಿಸಿಯಾದ ಮೇಲೆ ಕೆಡುವ ವಾಯ್ಸುಗಳೂ ಇರುವುದರಿಂದ, ಕನಿಷ್ಠ ಅರ್ಧ ಗಂಟೆ ಅಲ್ಲಿಯೇ ಕುಳಿತು ನುಡಿಸಿರಿ.

ಇವೆಲ್ಲಕ್ಕಿಂತ ಮೊದಲು ಯಂತ್ರದ ಬೆನ್ನಿನ ಮೇಲೆ ಬರೆದ ವೋಲ್ಟೇಜನ್ನು ಓದಬೇಕು. ಜಪಾನಿನ ಮಾರುಕಟ್ಟೆಗೆಂದು ಮಾಡಿದ ಯಂತ್ರಗಳು 100 ವೋಲ್ಟಿನವು. ನನ್ನ ಇನ್ನೊಂದು ಸಿಂಥಸೈಜರ್, ಕಾರ್ಗ್ ಪಾಲಿಸಿಕ್ಸ್, ಅಂಥದೇ ಆಗಿತ್ತು. ನಾನು ಊರಲ್ಲಿಲ್ಲದ ದಿನ ಮನೆಗೆ ಬಂದ ಗೆಳೆಯರೊಬ್ಬರು ಪ್ರೀತಿಯಿಂದಲೇ ಅದನ್ನು ನೇರವಾಗಿ 230 ವೋಲ್ಟಿನ ಸಾಕೆಟ್ಟಿಗೆ ಹಾಕಿದರು, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅಂದಿನಿಂದ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿ ‘100 ವೋಲ್ಟ್’ ಎಂದು ಕನ್ನಡದಲ್ಲಿಯೇ ಬರೆದಿಡುತ್ತೇನೆ. ಆ ಪಾಲಿಸಿಕ್ಸನ್ನು ಬಿಚ್ಚಿದಾಗ ಇನ್ನೊಂದು ಹಾನಿಯೂ ಕಂಡಿತು: ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಬೋರ್ಡನ್ನು ಹಸಿರುಗಟ್ಟಿಸಿತ್ತು. 1981ರ ಆ ಮಾದರಿಯಲ್ಲಿ ಇದು ಸಾಮಾನ್ಯವಾಗಿ ಬರುವ ತೊಂದರೆ. ಕೊಳ್ಳುವವರು ಮುಚ್ಚಳ ತೆಗೆಸದೆ ಹಣ ಕೊಡಬಾರದು.

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರುಗಳು ಸಾಮಾನ್ಯವಾಗಿ 110 ವೋಲ್ಟಿನವು. ಮನೆಯ ವಿದ್ಯುತ್ತು 250ಕ್ಕೆ ಏರಿದ ರಾತ್ರಿ ಅದು 120ರ ಹತ್ತಿರ ಕೊಡುತ್ತದೆ, 100 ವೋಲ್ಟಿನ ಯಂತ್ರ ಒಳಗೊಳಗೇ ಬಿಸಿಯಾಗುತ್ತದೆ. ಆದ್ದರಿಂದ ನಾನು ಹುಬ್ಬಳ್ಳಿಯ ವೈಂಡಿಂಗ್ ಅಂಗಡಿಯಲ್ಲಿ 230ರಿಂದ 100ಕ್ಕೆ ಇಳಿಸುವ, ಎರಡು ಪ್ರತ್ಯೇಕ ಸುತ್ತುಗಳಿರುವ ಟ್ರಾನ್ಸ್‌ಫಾರ್ಮರನ್ನು ಹೇಳಿ ಮಾಡಿಸಿಕೊಂಡೆ ಮತ್ತು ಅದರ ಹಿಂದೆ ಸ್ಟೆಬಿಲೈಜರ್ ಇಟ್ಟೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಡಿಎಕ್ಸ್7.

ಉತ್ತರ, ಗದಗದಿಂದ

ಧಾರವಾಡದವರು ದುರಸ್ತಿಯ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಆಯ್ಕೆಯನ್ನು ಮಾತ್ರ ಒಪ್ಪಲಾರೆ. ವಚನ ಗಾಯನಕ್ಕೆ ಹಾರ್ಮೋನಿಯಂ ಸಾಥ್ ಕೊಡುತ್ತ ಬೆಳೆದವನು ನಾನು. ನಮ್ಮ ಸಂಗೀತಕ್ಕೆ ಒಗ್ಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಆ ದೃಷ್ಟಿಯಿಂದ ಜೂನೊ ಕೊಡುವುದನ್ನು ಡಿಎಕ್ಸ್7 ಅಷ್ಟು ಸುಲಭವಾಗಿ ಕೊಡುವುದಿಲ್ಲ.

ತಂಬೂರಿಯ ಖರಜ ತಂತಿಯನ್ನು ಮೀಟಿದಾಗ ಯಾರೂ ಮೀಟದ ಗಾಂಧಾರವೊಂದು ಮೇಲೆ ತೇಲಿ ಬರುತ್ತದೆಯಲ್ಲ, ಅದು ಆ ತಂತಿಯ ಐದನೆಯ ಹಾರ್ಮೋನಿಕ್, ಎಂದರೆ ಮೂಲ ನಾದದ ಐದು ಪಟ್ಟು ಆವರ್ತನದ ಉಪನಾದ. ಜೂನೊದ ಗರಗಸದ ಹಲ್ಲಿನಾಕಾರದ ತರಂಗದಲ್ಲಿಯೂ ಎಲ್ಲ ಹಾರ್ಮೋನಿಕ್‌ಗಳು ಇರುತ್ತವೆ. ನಾದವನ್ನು ದಪ್ಪಗೊಳಿಸುವ ಕೋರಸ್ ಆಫ್ ಮಾಡಿ, ಕೆಳ ಸಪ್ತಕದ ಷಡ್ಜವನ್ನು ಒತ್ತಿ ಹಿಡಿದು, ಫಿಲ್ಟರಿನ ಅಂಚಿನ ಆವರ್ತನವನ್ನು ಎತ್ತಿ ಕೇಳಿಸುವ ರೆಸೊನೆನ್ಸ್ ಏರಿಸಿ, ಫಿಲ್ಟರಿನ ಸ್ಲೈಡರನ್ನು ಅತಿ ನಿಧಾನವಾಗಿ ಮೇಲಕ್ಕೆ ತಂದರೆ ಮೇಲಿನ ಷಡ್ಜ, ಪಂಚಮ, ಅದರಾಚೆಯ ಷಡ್ಜ, ಆಮೇಲೆ ಗಾಂಧಾರ ಒಂದೊಂದಾಗಿ ಕಣ್ಣು ಬಿಡುತ್ತವೆ. ಆ ಗಾಂಧಾರ 386 ಸೆಂಟಿನದು, ಕೀಬೋರ್ಡಿನ ಗಾಂಧಾರ 400 ಸೆಂಟಿನದು. ಒಂದು ಸಪ್ತಕಕ್ಕೆ 1200 ಸೆಂಟು ಎಂದು ಲೆಕ್ಕ. ಹಾರ್ಮೋನಿಯಮ್ಮಿನ ಗಾಂಧಾರ ಗಾಯಕರ ಕಿವಿಗೆ ಏಕೆ ಚುಚ್ಚುತ್ತದೆ ಎಂಬುದು ನನಗೆ ಪುಸ್ತಕದಿಂದಲ್ಲ, ಆ ಸ್ಲೈಡರಿನಿಂದ ತಿಳಿಯಿತು. ಮೊದಲ ಡಿಎಕ್ಸ್7ನಲ್ಲಿ ಸ್ವರಗಳನ್ನು ಒಂದೊಂದಾಗಿ ಶ್ರುತಿ ಮಾಡುವ ಅನುಕೂಲವಿಲ್ಲ, ಅದು ಬಂದದ್ದು ಡಿಎಕ್ಸ್7 2ನೆಯ ಆವೃತ್ತಿಯಲ್ಲಿ.

ಇದು ನಮ್ಮ ದೇಶಕ್ಕೆ ಹೊಸ ಹಾದಿಯೂ ಅಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿಯೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರು ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಅಣಿಗೊಳಿಸಿದ್ದರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಕೆಲಸ ಮಾಡಿದರು. 1982ರಲ್ಲಿ ಮುಂಬಯಿಯ ವಾದಕ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಜುಪಿಟರ್-8 ಸಿಂಥಸೈಜರ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ತಾಳಯಂತ್ರ ಬಳಸಿ ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಟಿಬಿ-303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ಮೀಂಡಿಗೆ ಹತ್ತಿರವಾದ ಆ ಜಾರಿಕೆಯೇ ಅವರಿಗೆ ನೆರವಾಯಿತೆಂದು ನಾನು ಭಾವಿಸುತ್ತೇನೆ.

ಒಂದು ಎಚ್ಚರಿಕೆ: ನಮ್ಮ ಗದಗಿನ ಎರೆಮಣ್ಣಿನ ಧೂಳು ಜೂನೊದ ಸ್ಲೈಡರುಗಳ ಸಂದಿನಲ್ಲಿ ಇಳಿಯುತ್ತದೆ. ನುಡಿಸಿದ ಕೂಡಲೇ ಹತ್ತಿಯ ಬಟ್ಟೆ ಮುಚ್ಚಿರಿ. ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದಲ್ಲಿ ತೇವ ಒಳಗೇ ನಿಲ್ಲುತ್ತದೆ.

ಉತ್ತರ, ಹಾವೇರಿಯಿಂದ

ಒಳಭಾಗ ಬಿಚ್ಚಿ ಕಲಿಯುವ ಆಸೆಯಿದ್ದರೆ ಬೆಲೆಬಾಳುವ ಯಂತ್ರದ ಮೇಲೆ ಕೈ ಇಡಬೇಡಿರಿ. ನಾನು 1986ರ ಕ್ಯಾಸಿಯೊ ಎಸ್‌ಕೆ-1 ಎಂಬ ಪುಟ್ಟ ಕೀಬೋರ್ಡಿನಿಂದ ಆರಂಭಿಸಿದೆ; ಅದು ಬ್ಯಾಟರಿಯ ಮೇಲೆ ನಡೆಯುತ್ತದೆ, ಸುಮಾರು 1.4 ಸೆಕೆಂಡಿನ ಸದ್ದನ್ನು ಹಿಡಿದು ಕೀಗಳ ಮೇಲೆ ಹರಡುತ್ತದೆ. ಹೋಳಿಯ ಸಮಯದಲ್ಲಿ ಜಗ್ಗಲಿಗೆಯ ಒಂದೇ ಪೆಟ್ಟನ್ನು ಅದರಲ್ಲಿ ಹಿಡಿದು ಒಂದು ಸಪ್ತಕ ಕೆಳಗೆ ನುಡಿಸಿದೆ. ಸದ್ದು ಇಮ್ಮಡಿ ಉದ್ದವಾಗಿ, ದೂರದ ಗುಡುಗಿನಂತೆ ಕೇಳಿತು. ಒಳಗಿನ ಬಿಂದುಗಳನ್ನು ತಂತಿಯಿಂದ ಜೋಡಿಸಿ ಹೊಸ ಸದ್ದು ಹುಡುಕುವ ಸರ್ಕಿಟ್ ಬೆಂಡಿಂಗನ್ನು ಬ್ಯಾಟರಿಯ ಯಂತ್ರಗಳಲ್ಲಿ ಮಾತ್ರ ಮಾಡಬೇಕು. ಗೋಡೆಯ ಕರೆಂಟಿನ ಯಂತ್ರದಲ್ಲಿ ಅದು ಪ್ರಾಣಕ್ಕೆ ಅಪಾಯ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಮಲ್ಟಿಮೀಟರ್ ಹಿಡಿದುಕೊಂಡು ಹೋಗಿದ್ದೆ. ಜೂನೊದ ಬೆನ್ನಿನ ಮೇಲೆ 100 ವೋಲ್ಟ್ ಎಂದಿತ್ತು, ಮಾರುವವರ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 116 ತೋರಿಸಿತು. ಇಪ್ಪತ್ತು ನಿಮಿಷದ ನಂತರ ಮೂರನೆಯ ವಾಯ್ಸಿನಲ್ಲಿ ಚಟಪಟ ಸದ್ದು ಆರಂಭವಾಯಿತು, ಉಳಿದ ಐದು ಸ್ವಚ್ಛವಾಗಿದ್ದವು. ಆ ದೋಷವನ್ನು ಅವರಿಗೇ ಕೇಳಿಸಿದೆ, ಅವರು ಬೆಲೆ ಇಳಿಸಿದರು. ಗಾಂಧಾರ ಕೇಳಿದ ಮೇಲೆ ಅದನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಈಗ ಯಂತ್ರ ನಮ್ಮ ಮನೆಯಲ್ಲಿದೆ. ವೈಂಡಿಂಗ್ ಅಂಗಡಿಯವರು ಟ್ರಾನ್ಸ್‌ಫಾರ್ಮರನ್ನು ಗುರುವಾರ ಕೊಡುವುದಾಗಿ ಹೇಳಿದ್ದಾರೆ, ಅಲ್ಲಿಯವರೆಗೆ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ.